ಮೊದಲ ತುತ್ತು ಸೊಸೆಯದು

ನನ್ನ ಸೊಸೆ ಹ್ಯಾಗಿಸ್ ಮುಟ್ಟುವುದಿಲ್ಲ ಎಂಬ ಸುದ್ದಿ ಅತ್ತೆಯಾದ ನನಗಿಂತ ಮೊದಲು ಊರಿಗೆ ತಿಳಿದಿತ್ತು. ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ ಎಫಿ ಡಫ್ ನಮ್ಮ ಮಾಂಸದಂಗಡಿಗೆ ಬಂದಳು. ಕೊಚ್ಚಿದ ಮಾಂಸ ಕಟ್ಟಿಸಿಕೊಂಡಳು. ಕಟ್ಟಿಸಿಕೊಂಡ ಮೇಲೂ ಹೊರಡಲಿಲ್ಲ.

"ಬೆಥಿಯಾ, ನಿನ್ನ ಸೊಸೆ ಎಲ್ಲಿ?"

"ಒಳಗೆ ಆಲೂಗಡ್ಡೆ ಸುಲೀತಿದ್ದಾಳೆ. ಯಾಕೆ?"

"ಸುಮ್ನೆ ಕೇಳ್ದೆ. ಹುಡುಗಿ ಇಳಿದು ಹೋಗಿದ್ದಾಳೆ ಅನ್ನಿಸ್ತು. ಊಟ ಸೇರ್ತಿಲ್ವೇನೋ."

"ನಿನ್ನೆ ಎರಡು ತಟ್ಟೆ ಸೂಪು ಕುಡಿದ್ಳು. ನಿನ್ನ ಮಗಳಿಗಿಂತ ಚೆನ್ನಾಗೇ ತಿಂತಾಳೆ."

"ಸೂಪು ಬಿಡು. ಬಾಗ್‌ಹೆಡ್ ಮನೇಲಿ ಹ್ಯಾಗಿಸ್ಸು ಬಡಿಸಿದಾಗ ಏನ್ಮಾಡಿದ್ಳು ಗೊತ್ತಾ? ತಟ್ಟೇಲಿ ಟರ್ನಿಪ್ ಗೆಡ್ಡೆ ಪಲ್ಯದ ಅಡಿ ಹೂತಿಟ್ಲಂತೆ. ಪಾತ್ರೆ ತೊಳೆಯೋವಾಗ ಸಿಕ್ಕಿತು. ಅದೂ ನಿಮ್ಮ ಅಂಗಡೀದೇ!"

ಬಾಗ್‌ಹೆಡ್ ಅಂದರೆ ಬಾಗ್‌ಹೆಡ್ ಹೊಲಮನೆಯ ರೈತ. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ. ಆದರೆ ನಮ್ಮ ಕಡೆ ರೈತನನ್ನು ಅವನ ಹೊಲದ ಹೆಸರಿನಿಂದಲೇ ಕರೆಯುವುದು. ಅವನ ಹೆಂಡತಿ ಕೂಡ ಹಾಗೇ ಕರೆಯುತ್ತಾಳೆ.

"ಹೊಸ ಮನೆ, ಹೊಸ ಜನ. ನಾಚಿಕೆ ಇರತ್ತೆ," ಎಂದೆ.

"ಇರಲಿ ಬಿಡಮ್ಮ. ಫೆಬ್ರವರೀಲಿ ಗೊತ್ತಾಗತ್ತಲ್ಲ," ಎಂದು ಎಫಿ ಚೀಲ ಎತ್ತಿಕೊಂಡಳು.

ಗಡಿಗೆಯ ಬಾಯಿ ಮುಚ್ಚಬಹುದು, ಎಫಿಯ ಬಾಯಿ ಮುಚ್ಚಲಾಗದು. ಆದರೆ ಅವಳು ಹೇಳಿದ ಆ ಫೆಬ್ರವರಿಯ ಮಾತು ಮಾತ್ರ ನನ್ನ ಎದೆಗೆ ಸರಿಯಾಗಿಯೇ ನಾಟಿತು.

ನಮ್ಮ ಡಲ್‌ಬ್ರೆಕ್‌ನಲ್ಲಿ ಫೆಬ್ರವರಿಯ ಮೊದಲ ಶನಿವಾರ ನೇಗಿಲ ಪಂದ್ಯ. ಹಗಲೆಲ್ಲ ಚಳಿಗಾಳಿಯಲ್ಲಿ ಕುದುರೆಗಳ ಹಿಂದೆ ನಡೆದು ಸಾಲು ಹೊಡೆದ ಗಂಡಸರಿಗೆ, ಅವರ ಮನೆಯವರಿಗೆ, ಸಂಜೆ ಊರ ಹಾಲ್‌ನಲ್ಲಿ ಊಟ. ಊಟ ಅಂದರೆ ಹ್ಯಾಗಿಸ್, ಕುರಿಯ ಒಳಾಂಗಗಳನ್ನು ಕೊಚ್ಚಿ, ಓಟ್ಸ್ ನುಚ್ಚು, ಈರುಳ್ಳಿ, ಮೆಣಸು ಸೇರಿಸಿ, ಕುರಿಯದೇ ಹೊಟ್ಟೆಚೀಲಕ್ಕೆ ತುಂಬಿ ಬೇಯಿಸಿದ್ದು. ಹಿಂದೆ ಯಾವುದೋ ಕಾಲದಲ್ಲಿ ಯಾರೋ ಮಾಡಿ ತಂದ ಹ್ಯಾಗಿಸ್ ಕೆಟ್ಟಿತ್ತಂತೆ. ಪಂದ್ಯ ಗೆದ್ದವನೂ ಸೋತವನೂ ಇಡೀ ಭಾನುವಾರ ಒಂದೇ ಬೇಲಿಯ ಹಿಂದೆ ಕೂತು ಕಳೆದರಂತೆ. ಅಂದಿನಿಂದ ಅಡುಗೆ ನಮ್ಮ ಇನ್ನೆಸ್ ಮನೆಗೆ ಬಂತು. ಜೊತೆಗೆ ಒಂದು ಪದ್ಧತಿಯೂ ಬಂತು. ಹ್ಯಾಗಿಸ್ ಮಾಡಿದ ಮನೆಯ ಯಜಮಾನಿ ಎಲ್ಲರೆದುರು ನಿಂತು ಮೊದಲ ತುತ್ತು ತಿನ್ನಬೇಕು. ಅವಳು ನುಂಗಿದ ಮೇಲೆಯೇ ಉಳಿದವರು ಚಮಚ ಎತ್ತುವುದು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಅತ್ತೆ ತಿಂದಳು, ಅವಳ ನಂತರ ನಾನು ತಿಂದೆ. ಹೋದ ವರ್ಷ ನನ್ನ ಗಂಡ ಆರ್ಚಿ ತೀರಿಕೊಂಡ. ಅಂಗಡಿ ಮಗ ಗ್ರೆಗರ್‌ನದಾಯಿತು. ಶರತ್ಕಾಲದಲ್ಲಿ ಗ್ರೆಗರ್ ಕರಾವಳಿಯ ಪೋರ್ಟ್‌ಕ್ರೇಗ್‌ನಿಂದ ಡವೀನಾ ಫ್ಲೆಟ್‌ಳನ್ನು ಮದುವೆಯಾಗಿ ಕರೆತಂದ. ಹಾಗಾಗಿ ಈ ಸಲದ ಮೊದಲ ತುತ್ತು ಡವೀನಾಳದು.

ಅವಳು ತಿನ್ನದಿದ್ದರೆ ಆಕಾಶವೇನೂ ಬೀಳುತ್ತಿರಲಿಲ್ಲ. ಆದರೆ ಅವಳು ಮುದುಕಿಯಾಗಿ ಕೋಲು ಹಿಡಿದರೂ 'ಹ್ಯಾಗಿಸ್ ತಿನ್ನದ ಮೀನಿನೂರ ಹುಡುಗಿ'ಯಾಗಿಯೇ ಉಳಿಯುತ್ತಿದ್ದಳು. ನಮ್ಮವರಿಗೆ ಮರೆವು ಕಡಿಮೆ. ಬಾಗ್‌ಹೆಡ್‌ನ ತಾತ ಒಮ್ಮೆ ಕತ್ತೆಯ ಮೇಲಿಂದ ಬಿದ್ದದ್ದನ್ನು ಈಗಲೂ ನಿನ್ನೆ ಬಿದ್ದ ಹಾಗೆ ಹೇಳುತ್ತಾರೆ.

ಅಂದು ಅಂಗಡಿ ಮುಚ್ಚುವಾಗ ಮಗನನ್ನು ಹಿಡಿದು ಕೇಳಿದೆ. ಅವನಿಗೆ ಎಲ್ಲ ಗೊತ್ತಿತ್ತು. ಚಳಿಗಾಲದಲ್ಲಿ ಮಂಗಳವಾರ ನಮ್ಮ ಮನೆಯಲ್ಲಿ ಹ್ಯಾಗಿಸ್. ನಾನು ಲೆಕ್ಕ ನೋಡಿ ಊಟಕ್ಕೆ ಬರುವಷ್ಟರಲ್ಲಿ ಹೆಂಡತಿಯ ಪಾಲಿನ ಹ್ಯಾಗಿಸ್ಸನ್ನೂ ಅವನೇ ತಿಂದು ಮುಗಿಸುತ್ತಿದ್ದ. ಮೂರು ತಿಂಗಳಲ್ಲಿ ಅವನ ಹೊಟ್ಟೆ ಮುಂದೆ ಬಂದದ್ದಕ್ಕೆ ಮದುವೆಯ ಸುಖ ಕಾರಣ ಎಂದು ನಾನು ಅಂದುಕೊಂಡಿದ್ದೆ.

"ಅಮ್ಮಾ, ಆವತ್ತು ಅವಳಿಗೆ ಜ್ವರ ಅಂತ ಹೇಳಿಬಿಡೋಣ," ಎಂದ.

"ಈ ವರ್ಷ ಜ್ವರ. ಮುಂದಿನ ವರ್ಷ?"

"ಅಷ್ಟು ಹೊತ್ತಿಗೆ ಬಸುರಿ ಆಗಿರಬಹುದು."

"ಪ್ರತಿ ಫೆಬ್ರವರಿಗೂ ಬಸುರಿ ಆಗ್ತಾಳೇನೋ? ಅವಳನ್ನ ಏನಂದ್ಕೊಂಡಿದ್ದೀಯ, ಕುರೀನಾ?"

ಅವನು ಕತ್ತಿ ಒರೆಸುತ್ತ ಯೋಚಿಸಿದ. "ಹಾಗಾದ್ರೆ ದಿನಾ ಸೂಪಲ್ಲಿ ಸ್ವಲ್ಪ ಸ್ವಲ್ಪ ಬೆರೆಸಿ ಅಭ್ಯಾಸ ಮಾಡಿಸೋಣ್ವಾ? ಗೊತ್ತಾಗದ ಹಾಗೆ?"

"ನಾಯಿಗೆ ಗುಳಿಗೆ ಕೊಡೋ ಹಾಗಾ? ಕದ್ದು ತಿನ್ನಿಸಿದ್ದು ಹೊಟ್ಟೆಗೆ ಹೋಗತ್ತೆ ಕಣೋ, ನಂಬಿಕೆ ಹೊರಗೆ ಹೋಗತ್ತೆ. ಆಮೇಲೆ ನೀನು ಕೊಟ್ಟ ಟೀನೂ ಅವಳು ಮೂಸಿ ನೋಡಿ ಕುಡೀತಾಳೆ. ಬಿಡು, ನಾನು ಕೇಳ್ತೀನಿ."

ಕೇಳುವುದಕ್ಕೆ ನಾನು ಆರಿಸಿಕೊಂಡದ್ದು ಆಲೂಗಡ್ಡೆ ಸುಲಿಯುವ ಹೊತ್ತು. ಇಬ್ಬರೂ ಕೈ ನೋಡಿಕೊಂಡು ಮಾತಾಡಬಹುದು, ಮುಖ ನೋಡಬೇಕಾಗಿಲ್ಲ. ಡವೀನಾ ಮದುವೆಗೆ ಮುಂಚೆ ಹೆರಿಂಗ್ ಮೀನಿನ ಕಾಲದಲ್ಲಿ ಬಂದರಿನಿಂದ ಬಂದರಿಗೆ ಹೋಗಿ ಮೀನು ಬಗೆಯುತ್ತಿದ್ದವಳು. ಅವಳ ಕೈಯಲ್ಲಿ ಕತ್ತಿ ಕಾಣಿಸುವುದೇ ಇಲ್ಲ, ಸಿಪ್ಪೆ ಮಾತ್ರ ಕಾಣಿಸುತ್ತದೆ.

"ನಿಜ ಹೇಳು ಕಣೇ. ವಾಸನೇನಾ?"

"ವಾಸನೆ ಏನಲ್ಲ ಅತ್ತೆ." ಯಾವುದರ ಮಾತು ಎಂದು ಅವಳು ಕೇಳಲಿಲ್ಲ. "ಮೀನಿನ ಕರುಳಲ್ಲಿ ಮೊಣಕೈವರೆಗೂ ಅದ್ದಿಕೊಂಡು ಬೆಳೆದೋಳು ನಾನು."

"ಮತ್ತೆ?"

ಎರಡು ಆಲೂಗಡ್ಡೆ ನೀರಿಗೆ ಬಿದ್ದವು.

"ನಾನು ಮದುವೆಯಾಗಿ ಬಂದ ವಾರ ಒಂದಿನ ಬೆಳಿಗ್ಗೆ ಕೆಳಗೆ ಇಳಿದು ಬಂದೆ. ನೀವ್ಯಾರೂ ಇರಲಿಲ್ಲ. ಒಲೆ ಮೇಲೆ ದೊಡ್ಡ ಪಾತ್ರೆ. ಅದರ ಅಂಚಿನಿಂದ ಒಂದು ಗಂಟಲು ಹೊರಗೆ ನೇತಾಡ್ತಿತ್ತು. ಬಾಯಿಂದ ನೊರೆ ಬರ್ತಿತ್ತು. ಗೊರ ಗೊರ ಅಂತ ಸದ್ದು." ಅವಳು ಕತ್ತಿ ಕೆಳಗಿಟ್ಟಳು. "ಅದು ಉಸಿರಾಡ್ತಿತ್ತು, ಅತ್ತೆ."

ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ಅದು ನಮ್ಮ ಕೆಲಸದ ರೀತಿ, ಬೇರೇನಲ್ಲ. ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶ ಮೂರೂ ಒಂದೇ ಗೊಂಚಲಾಗಿ ಗಂಟಲ ಕೊಳವೆಗೆ ಅಂಟಿಕೊಂಡು ಬರುತ್ತವೆ. ಕೊಳವೆಯನ್ನು ಕತ್ತರಿಸದೆ ಪಾತ್ರೆಯ ಅಂಚಿನಿಂದ ಹೊರಗೆ ಇಳಿಬಿಟ್ಟು, ಕೆಳಗೊಂದು ಬಟ್ಟಲು ಇಟ್ಟು ಬೇಯಿಸಬೇಕು. ಶ್ವಾಸಕೋಶದೊಳಗಿನ ಕೊಳೆ, ನೊರೆ ಎಲ್ಲ ಕೊಳವೆಯ ದಾರಿಯಲ್ಲಿ ಬಟ್ಟಲಿಗೆ ಇಳಿಯುತ್ತದೆ, ಸಾರು ತಿಳಿಯಾಗಿ ಉಳಿಯುತ್ತದೆ. ಹುಟ್ಟಿದಾಗಿನಿಂದ ನೋಡಿದವರಿಗೆ ಅದು ಕೆಟಲಿನ ಮೂತಿಯ ಹಾಗೆ. ಮೊದಲ ಸಲ, ಒಬ್ಬಳೇ, ಮಬ್ಬುಗತ್ತಲಲ್ಲಿ ನೋಡಿದವಳಿಗೆ ಏನಾಗಿರಬಹುದು ಎಂದು ನಾನು ಯೋಚಿಸಿರಲೇ ಇಲ್ಲ.

"ಬೆಂದಿರೋ ಕುರಿ ಉಸಿರಾಡಲ್ಲಮ್ಮ," ಎಂದೆ.

"ಗೊತ್ತು ಅತ್ತೆ. ತಲೆಗೆ ಗೊತ್ತು. ಚಮಚ ಬಾಯಿ ಹತ್ರ ಬಂದಾಗ ಆ ಸದ್ದು ಕೇಳತ್ತೆ."

ತಿನ್ನು ಎಂದು ಗದರಬಹುದಿತ್ತು. ಗದರಿಸಿ ಗಂಟಲು ತೆರೆಸಿದವರನ್ನು ನಾನು ಎಲ್ಲಿಯೂ ಕಂಡಿಲ್ಲ. ಉಳಿದ ಆಲೂಗಡ್ಡೆ ಸುಲಿದು ಮುಗಿಸಿದೆ.

ಹೊಸ ವರ್ಷ ಕಳೆದ ಮೇಲೆ ಒಂದು ಭಾನುವಾರ ಡವೀನಾಳ ತವರಿಗೆ ಹೋದೆವು. ಮದುವೆಯಾದ ಮೇಲೆ ಬೀಗಿತ್ತಿಯ ಮನೆಯಲ್ಲಿ ನನಗೆ ಅದೇ ಮೊದಲ ಊಟ. ಗ್ರೆಗರ್‌ಗೆ ನೆಗಡಿ ಎಂದು ಅವನು ಉಳಿದ, ನಾವಿಬ್ಬರೇ ಬಸ್ಸು ಹತ್ತಿದೆವು. ಪೋರ್ಟ್‌ಕ್ರೇಗ್‌ನಲ್ಲಿ ಅರ್ಧ ಊರಿನ ಮನೆತನದ ಹೆಸರು ಫ್ಲೆಟ್. ಅದಕ್ಕೇ ಮನೆಗೊಂದು ಅಡ್ಡಹೆಸರು. ಡವೀನಾಳ ತಾಯಿಗೆ ಊರೆಲ್ಲ ಗುಬ್ಬಿ ಇಸೀ ಅನ್ನುತ್ತದೆ. ಹೆಸರು ಗುಬ್ಬಿಯಾದರೂ ಹೆಂಗಸು ಬಾಗಿಲು ತುಂಬ.

"ಬನ್ನಿ ಬೀಗ್ತಿ, ಬನ್ನಿ! ಏನು ಇಷ್ಟು ಸಣ್ಣಗಾಗಿದ್ದೀರಿ? ಮಾಂಸದಂಗಡಿಯವರು ಮಾಂಸ ಎಲ್ಲಾ ಮಾರಿಬಿಡ್ತೀರೇನು, ನಿಮಗೊಂಚೂರೂ ಇಟ್ಕೊಳ್ಳಲ್ವಾ?"

ಒಲೆಯ ಪಕ್ಕ ಡವೀನಾಳ ಅಪ್ಪ ಜೋಸೆಫ್ ಕೂತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು. ಅವರು ಆ ವಾರದ ಮಾತನ್ನೆಲ್ಲ ಅಲ್ಲಿಗೇ ಮುಗಿಸಿದ ಹಾಗಿತ್ತು.

ಊಟಕ್ಕೆ ಕೂತೆವು. ಇಸೀ ನನ್ನೆದುರು ತಟ್ಟೆ ಇಟ್ಟಳು. ತಟ್ಟೆಯಲ್ಲಿ ಒಂದು ತಲೆ ಇತ್ತು.

ಕಾಡ್ ಮೀನಿನ ತಲೆ. ನನ್ನ ಎರಡು ಮುಷ್ಟಿಯಷ್ಟು ದೊಡ್ಡದು. ಬಾಯಿ ಅಗಲಿಸಿ ಅದರೊಳಗೆ ಏನೋ ತುರುಕಿದ್ದರು. ಬೆಂದು ಬಿಳಿಯಾದ ಕಣ್ಣು ನೇರವಾಗಿ ನನ್ನನ್ನೇ ನೋಡುತ್ತಿತ್ತು. ಅತಿಥಿಗೆ ದೊಡ್ಡ ತಲೆ ಕೊಡುವುದು ಅವರ ಮರ್ಯಾದೆ. ಉಳಿದವರಿಗೆಲ್ಲ ಚಿಕ್ಕವು.

ನಾನು ಕುರಿಯನ್ನು ಮೂಗಿನಿಂದ ಬಾಲದವರೆಗೆ ಬಿಚ್ಚಬಲ್ಲೆ. ಆದರೆ ಆ ಕಣ್ಣಿನೆದುರು ಚಮಚ ಎತ್ತಲು ನನ್ನ ಕೈ ಬರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಏನಾದರೂ ಒಳ್ಳೆಯ ಮಾತು ಆಡಬೇಕಲ್ಲ ಎಂದು ಬಾಯಿ ತೆರೆದೆ.

"ಬಹಳ ಚೆನ್ನಾಗಿದೆ ಬೀಗ್ತಿ. ನಮ್ಮಲ್ಲೂ ಹೀಗೇ ತಲೆ ಬೇಯಿಸ್ತೀವಿ. ಹಂದಿ ತಲೆ."

ಮರುಗಳಿಗೆಯೇ "ಕಬ್ಬಿಣ!" ಎಂದು ಕೂಗಿ ಜೋಸೆಫ್ ಕುರ್ಚಿಯಿಂದ ಹಾರಿ ಒಲೆಯ ಬಾಗಿಲು ಹಿಡಿದರು. ಇಸೀ ಇಕ್ಕಳ ಹಿಡಿದಳು. ಡವೀನಾ ಚಮಚ ಬಿಟ್ಟು ಗೋಡೆಯ ಮೊಳೆ ಹಿಡಿದಳು. ಆ ಪ್ರಾಣಿಯ ಹೆಸರನ್ನು ಮೀನುಗಾರರ ಮನೆಯಲ್ಲಿ ಆಡಬಾರದು. ಆಡಿದರೆ ದೋಣಿಗೆ ಕೇಡು, ಕೂಡಲೇ ಕಬ್ಬಿಣ ಮುಟ್ಟಬೇಕು. ಇದು ನನಗೆ ಗೊತ್ತಿರದ ವಿಷಯವೇನಲ್ಲ. ಆದರೆ ಮಾಂಸದಂಗಡಿಯವಳ ನಾಲಗೆಗೆ ದಿನಕ್ಕೆ ಹತ್ತು ಸಲ ಬರುವ ಮಾತು ಅದು, ಕೇಳದೆ ಜಾರಿಬಿಟ್ಟಿತು.

"ಅಯ್ಯೋ, ತಪ್ಪಾಯ್ತು! ಹಂದಿ ಅಂತ ಅನ್ನಬಾರದಿತ್ತು ನಾನು," ಎಂದೆ.

"ಕಬ್ಬಿಣ!" ಎಂದು ಮೂವರೂ ಮತ್ತೆ ಹಾರಿದರು.

ಡವೀನಾ ಮೊಳೆ ಹಿಡಿದುಕೊಂಡೇ ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ನಾಳೆ ಇವರು ಸಮುದ್ರಕ್ಕೆ ಹೋಗಲ್ಲ ಬಿಡಿ," ಎಂದಳು ಇಸೀ, ಇಕ್ಕಳ ಕೆಳಗಿಡುತ್ತ. "ಒಳ್ಳೇದೇ ಆಯ್ತು. ಹಿತ್ತಲ ಬಾಗಿಲು ರಿಪೇರಿ ಮಾಡಿ ಅಂತ ಬೇಸಿಗೆಯಿಂದ ಹೇಳ್ತಿದ್ದೀನಿ. ಎಲ್ಲಿ, ನೀವು ತಿಂತಾನೇ ಇಲ್ವಲ್ಲ?"

"ಅದು ನನ್ನನ್ನೇ ನೋಡ್ತಿದೆ ಬೀಗ್ತಿ," ಎಂದೆ. ಅಷ್ಟೆಲ್ಲ ಆದ ಮೇಲೆ ಮುಚ್ಚಿಡುವುದಕ್ಕೆ ಏನು ಉಳಿದಿತ್ತು?

"ಅದಕ್ಕೇನು ಕಾಣತ್ತೆ, ಸತ್ತು ಎರಡು ದಿನ ಆಯ್ತು!" ಇಸೀ ನಕ್ಕಳು. ಆದರೆ ಬಲವಂತ ಮಾಡಲಿಲ್ಲ. ಕೈ ಚಾಚಿ ನನ್ನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. "ಈಗ ಅದು ನನ್ನ ನೋಡ್ಲಿ. ನಂಗೆ ಅಭ್ಯಾಸ ಇದೆ, ಇವರೂ ಹಾಗೇ ನೋಡೋದು. ನೀವು ಹಿಂದಿನಿಂದ ತಿನ್ನಿ."

ಕತ್ತಿನ ಕಡೆಯಿಂದ ಚಮಚ ಹಾಕಿದೆ. ಒಳಗೆ ತುಂಬಿದ್ದು ಮೀನಿನ ಲಿವರ್, ಓಟ್ಸ್ ನುಚ್ಚು, ಈರುಳ್ಳಿ, ಮೆಣಸು. ಕಣ್ಣು ಮುಚ್ಚಿ ನುಂಗಿದೆ. ಆಮೇಲೆ ಕಣ್ಣು ತೆರೆದೆ. ಇನ್ನೊಂದು ಚಮಚ ತೆಗೆದುಕೊಂಡೆ. ನುಚ್ಚು ಜಿಡ್ಡನ್ನೆಲ್ಲ ಕುಡಿದು ಮೆತ್ತಗಾಗಿ, ಆದರೂ ಹಲ್ಲಿಗೆ ಒಂದೊಂದು ಕಾಳು ಸಿಗುತ್ತ, ಒಳಗಿನಿಂದ ಖಾರ ನಿಧಾನವಾಗಿ ಏಳುತ್ತ ಇತ್ತು. ಈ ರುಚಿ ನನಗೆ ಗೊತ್ತು. ಚಳಿಗಾಲದ ಎಲ್ಲ ಮಂಗಳವಾರ ತಿಂದ ರುಚಿ.

"ಇದು ನಮ್ಮ ಹ್ಯಾಗಿಸ್ಸೇ ಕಣಮ್ಮ!" ಎಂದೆ. "ಒಂದು ಸಲ ಸಮುದ್ರಕ್ಕೆ ಹೋಗಿ ಬಂದಿದೆ ಅಷ್ಟೇ."

"ನಿಮ್ಮದೇ ನಮ್ಮ ಮೀನುತಲೆ ಇರಬೇಕು, ದಾರಿ ತಪ್ಪಿ ಗುಡ್ಡ ಹತ್ತಿರೋದು," ಎಂದಳು ಇಸೀ. "ಬಡವರ ಅಡುಗೆ ಎಲ್ಲ ಕಡೆ ಒಂದೇ ಬೀಗ್ತಿ. ಒಳ್ಳೆ ಭಾಗ ಮಾರು, ಉಳಿದದ್ದನ್ನ ಅದಕ್ಕಿಂತ ಒಳ್ಳೇದು ಮಾಡಿ ತಿನ್ನು."

ಡವೀನಾ ನಗುವುದನ್ನು ನಿಲ್ಲಿಸಿ ನನ್ನ ಚಮಚವನ್ನೇ ನೋಡುತ್ತಿದ್ದಳು. ನಾನು ತಲೆಯನ್ನು ಪೂರ್ತಿ ಖಾಲಿ ಮಾಡಿದೆ. ಕೆನ್ನೆಯ ಮಾಂಸವನ್ನು ಹೇಗೆ ಬಿಡಿಸಬೇಕೆಂದು ಜೋಸೆಫ್ ಬೆರಳಿನಿಂದ ತೋರಿಸಿಕೊಟ್ಟರು. ಹಂದಿಯ ಹಂ ಎಂದರೆ ಸಾಕು ಹಾರುತ್ತಿದ್ದ ಮನುಷ್ಯ, ಹೊರಡುವಾಗ ಬಸ್ಸಿನ ತನಕ ಬಂದು ಕಳಿಸಿಕೊಟ್ಟರು.

ಬಸ್ಸು ಗುಡ್ಡ ಹತ್ತುವಾಗ ಡವೀನಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: "ಅತ್ತೆ, ಮುಂದಿನ ಸಲ ಪಾತ್ರೆ ಇಡೋವಾಗ ನನ್ನನ್ನ ಕರೀರಿ."

"ಕರೀತೀನಿ."

"ತಿಂತೀನಿ ಅಂತ ಅಲ್ಲ."

"ನಾನೆಲ್ಲಿ ಹಾಗಂದೆ?"

ಕರೆದೆ. ಪಂದ್ಯದ ಹಿಂದಿನ ವಾರ ಅಂಗಡಿಗೆಂದು ಪಾತ್ರೆ ಇಟ್ಟಾಗ ಅವಳು ಬಂದು ತೋಳು ಮಡಿಸಿಕೊಂಡು ನಿಂತಳು. ನೀರು ಕುದಿಯಿತು. ಕೊಳವೆ ಅಂಚಿನಿಂದ ನೇತುಬಿತ್ತು. ನೊರೆ ಬರತೊಡಗಿತು. ಅವಳು ಒಂದು ಹೆಜ್ಜೆ ಹಿಂದೆ ಇಟ್ಟಳು. ಆಮೇಲೆ ಎರಡು ಬಟ್ಟೆ ತೆಗೆದುಕೊಂಡು, ಪಾತ್ರೆಯ ಕಿವಿ ಹಿಡಿದು, ಕೊಳವೆ ಗೋಡೆಯ ಕಡೆ ಹೋಗುವ ಹಾಗೆ ಅದನ್ನು ತಿರುಗಿಸಿದಳು. ಬಟ್ಟಲನ್ನೂ ಆ ಕಡೆ ಸರಿಸಿದಳು. ಗ್ರೆಗರ್ ಏನೋ ಹೇಳಹೊರಟ. ನಾನು ಅವನ ಕಾಲು ತುಳಿದೆ.

ಗೊರ ಗೊರ ಸದ್ದು ಮಾತ್ರ ನಿಲ್ಲಲಿಲ್ಲ. ಅವಳು ಕಿವಿಗೊಟ್ಟು ಕೇಳಿದಳು.

"ಗ್ರೆಗರ್, ಇದು ನೀನು ರಾತ್ರಿ ಮಾಡೋ ಸದ್ದು," ಎಂದಳು.

"ನಾನಾ? ನಾನು ಗೊರಕೆ ಹೊಡೆಯಲ್ಲ."

"ಹೊಡೀತೀಯ ಕಣೋ. ನೊರೆ ಒಂದು ಬರಲ್ಲ," ಎಂದೆ.

ಅಂದಿನಿಂದ ಆ ಸದ್ದಿಗೆ ಅವಳು ಬೆಚ್ಚಲಿಲ್ಲ. ಆದರೆ ತಿನ್ನಲೂ ಇಲ್ಲ. ಬೆಂದ ಮಾಂಸವನ್ನು ಕೊಚ್ಚಿದಳು, ಲಿವರನ್ನು ತುರಿದಳು, ನುಚ್ಚನ್ನು ಬಾಣಲೆಯಲ್ಲಿ ಕಂದುಬಣ್ಣ ಬರುವ ತನಕ ಹುರಿದಳು. ಹುರಿಯುವಾಗ ಅವಳ ಮೂಗು ಅರಳಿದ್ದನ್ನು ನೋಡಿದೆ. ಹುರಿದ ನುಚ್ಚಿನ ವಾಸನೆಗೆ ಅರಳದ ಮೂಗು ನಮ್ಮ ದೇಶದಲ್ಲಿ ಹುಟ್ಟಿಲ್ಲ. ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು ಅವಳ ಕಡೆ ಹಿಡಿದೆ. ತಲೆಯಾಡಿಸಿಬಿಟ್ಟಳು.

"ಈಗ ಬೇಡ ಅತ್ತೆ. ಈಗ ತಿಂದು ಆಗಲಿಲ್ಲ ಅಂದ್ರೆ ಆವತ್ತಿಗೆ ಧೈರ್ಯ ಉಳಿಯಲ್ಲ. ಆವತ್ತೇ ನೋಡ್ತೀನಿ."

"ಆವತ್ತು ಆಗಲಿಲ್ಲ ಅಂದ್ರೆ?"

"ಎಲ್ಲರೆದುರಿಗೆ ಆಗಲ್ಲ ಅಂತ ಹೇಳ್ತೀನಿ. ಜ್ವರ ಅಂತ ಸುಳ್ಳು ಹೇಳಲ್ಲ."

ಆಯಿತು ಎಂದೆ. ಅವಳಿಗೆ ಆ ದಿನ ಬೇಕಾಗಿದ್ದದ್ದು ಧೈರ್ಯ. ಅದನ್ನು ಹೊರಗಿನಿಂದ ತುಂಬಲಾಗದು. ಹೊಟ್ಟೆಚೀಲಕ್ಕೂ ಅಷ್ಟೇ, ಒತ್ತಿ ತುಂಬಿದರೆ ಒಡೆಯುತ್ತದೆ. ನುಚ್ಚು ತಾನೇ ಉಬ್ಬಲು ಜಾಗ ಬಿಡಬೇಕು.

ಪಂದ್ಯದ ದಿನ ಸಂಜೆ ಹಾಲ್ ತುಂಬಿತ್ತು. ಒದ್ದೆ ಉಣ್ಣೆ, ಕುದುರೆ, ಹೊಗೆಸೊಪ್ಪು, ಎಲ್ಲದರ ವಾಸನೆ. ನೇರ ಸಾಲಿಗೆ ಒಂದು ಬಹುಮಾನ, ಚೆಂದದ ಕುದುರೆಗೆ ಒಂದು, ಚೆಂದದ ನೇಗಿಲಾಳಿಗೂ ಒಂದು. ಈ ಕೊನೆಯ ಬಹುಮಾನ ಯಾರಿಗೆ ಎಂದು ಎಫಿ ಮತ್ತು ಅವಳ ಗೆಳತಿಯರು ಇನ್ನೂ ಜಗಳವಾಡುತ್ತಿದ್ದರು. ವೇದಿಕೆಯಲ್ಲಿ ಬಾಗ್‌ಹೆಡ್, ಆ ವರ್ಷದ ಅಧ್ಯಕ್ಷ, ಕೊರಳಪಟ್ಟಿ ಬಿಗಿಯಾಗಿ ಕೆಂಪಗಾಗಿದ್ದ.

ಬ್ಯಾಗ್‌ಪೈಪ್ ವಾದ್ಯದ ಸದ್ದು ಎದ್ದಿತು. ಊದುವವನ ಹಿಂದೆ ಗ್ರೆಗರ್ ದೊಡ್ಡ ತಟ್ಟೆ ಹೊತ್ತು ಬಂದ. ಹ್ಯಾಗಿಸ್ ಹೊಳೆಯುತ್ತಿತ್ತು, ಎಲ್ಲಿಯೂ ಬಿರುಕಿಲ್ಲ. ಜನ ಕಾಲಿನಿಂದ ನೆಲ ಬಡಿದು ತಾಳ ಹಾಕಿದರು. ಬಾಗ್‌ಹೆಡ್ ಎದ್ದು, ತೋಳು ಏರಿಸಿ, ಕತ್ತಿ ಹಾಕಿದ. ಹಬೆ ಭುಸ್ಸೆಂದು ಮೇಲೆದ್ದಿತು. ಹಾಲ್‌ನ ಆ ತುದಿಯವರೆಗೆ ಒಂದು ನಿಟ್ಟುಸಿರು ಹರಿಯಿತು. ಹಗಲೆಲ್ಲ ಗಾಳಿ ತಿಂದವರಿಗೆ ಆ ಹಬೆಯೇ ಅರ್ಧ ಊಟ.

"ಇನ್ನೆಸ್ ಮನೆ ಯಜಮಾನಿ!" ಎಂದು ಬಾಗ್‌ಹೆಡ್ ಕೂಗಿದ.

ಅಭ್ಯಾಸಬಲದಿಂದ ನಾನು ಅರ್ಧ ಎದ್ದೆ. ಡವೀನಾ ನನ್ನ ಭುಜದ ಮೇಲೆ ಕೈಯಿಟ್ಟು ಕೂರಿಸಿ, ತಾನು ಎದ್ದು ನಡೆದಳು. ಎಫಿ ಕುರ್ಚಿಯ ಅಂಚಿಗೆ ಬಂದಳು.

ಬಾಗ್‌ಹೆಡ್ ಒಂದು ದೊಡ್ಡ ಚಮಚ ತುಂಬಿ ತಟ್ಟೆಗೆ ಹಾಕಿ ಅವಳ ಕೈಗೆ ಕೊಟ್ಟ. "ಹೆದರಬೇಡಮ್ಮ ಮೀನಿನೂರೋಳೇ. ಇದರಲ್ಲಿ ಮುಳ್ಳಿಲ್ಲ."

"ಮುಳ್ಳಿದ್ದಿದ್ರೆ ಹೆದರ್ತಿರಲಿಲ್ಲ ಬಾಗ್‌ಹೆಡ್," ಎಂದಳು. "ಅದನ್ನ ಹೇಗೆ ಉಗುಳೋದು ಅಂತ ಗೊತ್ತು."

ನಗೆ ಎದ್ದು ಇಳಿಯಿತು. ಅವಳು ಚಮಚ ಎತ್ತಿದಳು. ಅರ್ಧ ದಾರಿಯಲ್ಲಿ ಚಮಚ ನಿಂತಿತು. ನನ್ನ ಕೈಗಳು ಮೇಜಿನ ಕೆಳಗೆ ಏಪ್ರನ್ನನ್ನು ಹಿಂಡುತ್ತಿದ್ದವು. ಗ್ರೆಗರ್ ಉಸಿರು ಬಿಡುವುದನ್ನೇ ಮರೆತಿದ್ದ. ಪುಣ್ಯಕ್ಕೆ, ಗೊರಕೆ ಹೊಡೆಯಲಿಲ್ಲ.

ಚಮಚ ಬಾಯಿಗೆ ಹೋಯಿತು. ಅಗಿದಳು. ನಿಧಾನವಾಗಿ ಅಗಿದಳು. ನುಂಗಿದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಮತ್ತೆ ತಟ್ಟೆ ನೋಡಿ ಇನ್ನೊಂದು ಚಮಚ ತೆಗೆದುಕೊಂಡಳು. ಪದ್ಧತಿಯಲ್ಲಿ ಒಂದೇ ತುತ್ತು, ಎರಡನೆಯದು ಯಾರೂ ಕೇಳಿದ್ದಲ್ಲ. ಅದನ್ನೂ ಅಗಿದು ನುಂಗಿ, ತುಟಿ ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಮೆಣಸು ಸಾಲದು."

ಛಾವಣಿ ಹಾರುವ ಹಾಗೆ ಗದ್ದಲವೆದ್ದಿತು.

"ತಿನ್ನೋದೇ ಇಲ್ಲ ಅಂದೋಳು ಈಗ ಹುಳುಕು ಹುಡುಕ್ತಾಳಲ್ಲ!" ಎಂದು ಎಫಿ ಕಿರುಚಿದಳು.

"ಇನ್ನೆಸ್ ಹ್ಯಾಗಿಸ್ಸಿಗೆ ಮೆಣಸು ಸಾಲದಾ? ನನ್ನ ಅಜ್ಜನ ಕಾಲದಿಂದ ಯಾರೂ ಆ ಮಾತಾಡಿಲ್ಲ!" ಎಂದು ಬಾಗ್‌ಹೆಡ್ ತಾನೇ ಒಂದು ಚಮಚ ಬಾಯಿಗಿಟ್ಟ. ಅಗಿದ. ಹುಬ್ಬು ಕೂಡಿಸಿದ. ಇನ್ನೊಂದು ಚಮಚ ಹಾಕಿಕೊಂಡ. "ಹುಡುಗಿ ಹೇಳೋದು ಸರಿ ಕಣ್ರಯ್ಯಾ," ಎಂದ.

ಅರ್ಧ ಹಾಲ್ ಸರಿ ಅಂತು, ಅರ್ಧ ಹಾಲ್ ತಪ್ಪು ಅಂತು, ಇನ್ನೂ ತಿನ್ನದವರೇ ಹೆಚ್ಚು ಜೋರಾಗಿ ಅಂದರು.

ನನ್ನ ತಟ್ಟೆ ಬಂತು. ರುಚಿ ನೋಡಿದೆ. ಸಾಲದು. ಸಾಲದೇ ಇರಬೇಕು, ಬೆಳಿಗ್ಗೆ ಮೆಣಸು ಹಾಕಿದವಳು ನಾನೇ. ಹುಡುಗಿಯ ಮೊದಲ ತುತ್ತು, ಸಲೀಸಾಗಿ ಇಳಿಯಲಿ ಎಂದು ಕೈ ತಡೆದಿದ್ದೆ.

ಡವೀನಾ ನನ್ನ ಬಳಿ ಬಂದು ಬಗ್ಗಿದಳು. "ಬೇಜಾರಾಯ್ತಾ ಅತ್ತೆ?"

"ನಿನಗೋಸ್ಕರ ಕಡಿಮೆ ಹಾಕಿದ್ದು ಕಣೇ."

"ನಮ್ಮೂರಲ್ಲಿ ಇಷ್ಟು ಸಪ್ಪೆ ಬಡಿಸಿದ್ರೆ ಗಂಡಸರು ದೋಣಿನೇ ಹತ್ತಲ್ಲ." ನನ್ನ ಕಿವಿಯ ಹತ್ತಿರ ಬಾಯಿ ತಂದಳು. "ಆದ್ರೆ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಇಷ್ಟು ದಿನ ನನ್ನ ಪಾಲನ್ನೆಲ್ಲ ಇವನೇ ತಿಂದನಲ್ಲ!"

"ಮುಂದಿನ ವರ್ಷದಿಂದ ಮೆಣಸು ನೀನೇ ಹಾಕು."

"ಮುಂದಿನ ವರ್ಷ ಯಾಕೆ?" ಎಂದು ಅಡುಗೆಕೋಣೆಗೆ ಹೋಗಿ ಮೆಣಸಿನ ಪುಡಿಯ ಡಬ್ಬಿ ಹಿಡಿದುಕೊಂಡು ಬಂದಳು. ಮೊದಲು ನೇಗಿಲಾಳುಗಳ ಮೇಜು, ಆಮೇಲೆ ರೈತರದು, ಆಮೇಲೆ ಹೆಂಗಸರದು. ಒಬ್ಬೊಬ್ಬರೂ ತಟ್ಟೆ ಚಾಚಿದರು. "ಇಲ್ಲಿ ಸ್ವಲ್ಪ ಯಜಮಾನಿ!" ಎಂದು ಚೆಂದದ ನೇಗಿಲಾಳು ಕೂಗಿದ. ಸಪ್ಪೆಯೇ ತನಗೆ ಇಷ್ಟ ಎಂದು ವಾದಿಸುತ್ತಿದ್ದ ಮುದುಕನೊಬ್ಬನ ತಟ್ಟೆಗೂ, ಅವನು ಆ ಕಡೆ ನೋಡಿದಾಗ ಉದುರಿಸಿ ಹೋದಳು. ಅವನು ತಿಂದು, ಈಗ ಸರಿಯಾಗಿದೆ, ನೋಡಿ, ನಾನು ಹೇಳಲಿಲ್ಲವೇ ಎಂದ.

ಎಫಿಯ ಹತ್ತಿರ ಬಂದು ನಿಂತಳು.

"ನಿಮಗೆ?"

ಎಫಿ ಒಮ್ಮೆ ಅವಳ ಮುಖ ನೋಡಿದಳು, ಒಮ್ಮೆ ಡಬ್ಬಿ ನೋಡಿದಳು. "ಹಾಕಮ್ಮ," ಎಂದಳು. "ಕೈ ಬಿಗಿ ಹಿಡೀಬೇಡ."

ಮೊದಲ ತುತ್ತು ತಿಂದ ಯಜಮಾನಿ ಊಟ ಮುಗಿಯುವ ತನಕ ಕೂರುವ ಹಾಗಿಲ್ಲ, ಬಡಿಸುತ್ತಲೇ ಇರಬೇಕು. ಅಷ್ಟು ವರ್ಷ ನಾನು ಕೊನೆಯಲ್ಲಿ ಉಳಿದದ್ದನ್ನು ಆರಿದ ಮೇಲೆ ತಿಂದವಳು. ಆ ಸಂಜೆ ಬೆಂಚಿನ ಮೇಲೆ ಎಲ್ಲರ ನಡುವೆ ಕೂತು, ಬೆಣ್ಣೆ ಹಾಕಿದ ಟರ್ನಿಪ್ ಜೊತೆಗೆ, ಬಿಸಿ ಇರುವಾಗಲೇ ತಿಂದೆ.